ಹನ್ನೆರಡನೆಯ ಟ್ಯೂಬು ಕೊಡದವರು

ಜೂನ್ ಒಂಬತ್ತು, ಬೆಳಿಗ್ಗೆ ಏಳೂ ಇಪ್ಪತ್ತು. ಶುರುವಾದದ್ದು ಆಗ ಎಂದು ನನ್ನ ವಹಿಯಲ್ಲಿ ಬರೆದುಕೊಂಡಿದ್ದೇನೆ. ಅದೇ ದಿನ ಹತ್ತೂವರೆಗೆ ಪುಣೆಯ ಚಿಂಚವಾಡದ ನಮ್ಮ ಗಲ್ಲಿಯ ತುದಿಯಲ್ಲಿರುವ ಔಷಧಿ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವರ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಕತ್ತರಿ ಯಾವಾಗಲೂ ತೂಗುತ್ತಿತ್ತು. ಗುಳಿಗೆಯ ಪಟ್ಟಿ ಕತ್ತರಿಸಲು ಇಟ್ಟುಕೊಂಡದ್ದು. ಅದು ಎದೆಯ ಮೇಲೆ ಉಜ್ಜಿ ಉಜ್ಜಿ ಅವರ ಅಂಗಿಗಳೆಲ್ಲ ಮೂರನೆಯ ಗುಂಡಿಯ ಪಕ್ಕ ಸವೆದು ಬೆಳ್ಳಗಾಗಿದ್ದವು.

ಕನ್ನಡ ಮಾತಾಡುವ ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಹುಕ್ಕೇರಿ ಕಡೆಯವರು. ವಯಸ್ಸು ಅರವತ್ತು ದಾಟಿತ್ತು. ಅವರ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ನಮ್ಮವರೇ: ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಬೆಳಗಾವಿ, ವಿಜಯಪುರದವರು, ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ರಾಯಚೂರಿನವರು. ನಮ್ಮ ಹೆಂಗಸರು ಮರಾಠಿಯಲ್ಲಿ ಕಾಯಿಪಲ್ಲೆ ಕೊಳ್ಳುತ್ತಾರೆ, ನೀರಿನ ಸರದಿಗೆ ಜಗಳವನ್ನೂ ಆಡುತ್ತಾರೆ. ಆದರೆ ಮೈಯಲ್ಲಿ ಎಲ್ಲಿ ತುರಿಸುತ್ತದೆ ಎಂದು ಪರಭಾಷೆಯಲ್ಲಿ ಡಾಕ್ಟರರಿಗೆ ಹೇಳಲು ಬಾಯಿ ಬರುವುದಿಲ್ಲ. ಅಂಥವರು ಕಾಕಾನ ಅಂಗಡಿಯ ಮೂಲೆಗೆ ಬರುತ್ತಿದ್ದರು. ಆ ಮೂಲೆಯಲ್ಲೊಂದು ಕ್ಯಾಲೆಂಡರು ತೂಗುಹಾಕಿತ್ತು. ಹೆಂಗಸರು ಮಾತು ಮುಗಿಸುವವರೆಗೂ ಕಾಕಾ ಅವರ ಮುಖ ನೋಡುತ್ತಿರಲಿಲ್ಲ, ಕ್ಯಾಲೆಂಡರನ್ನೇ ನೋಡುತ್ತಿದ್ದರು.

"ಹೂಂ, ಹೇಳವಾ. ನಾ ಏಕಾದಶಿ ಯಾವಾಗ ಐತಿ ನೋಡಾಕತ್ತೀನಿ," ಎನ್ನುತ್ತಿದ್ದರು.

ಓದು ಬಾರದವರ ಪೊಟ್ಟಣದ ಮೇಲೆ ಪೆನ್ಸಿಲಿನಿಂದ ಗೀಟು ಎಳೆದು ಕೊಡುವುದು ಅವರ ಪದ್ಧತಿ. ಒಂದು ಗೀಟೆಂದರೆ ದಿನಕ್ಕೆ ಒಂದು ಗುಳಿಗೆ. ಹೊಟ್ಟೆ ಕಟ್ಟಿದೆ ಎಂದು ಬಂದ ಗಂಡಸರಿಗೆ, "ಬಾಳೆಹಣ್ಣಿನ ಗಾಡಿ ಆ ಕಡೆ ನಿಂತೈತಿ, ನನ್ನ ಅಂಗಡಿ ಅಲ್ಲ," ಎಂದು ಬರಿಗೈಯಲ್ಲಿ ಕಳಿಸುತ್ತಿದ್ದರು. ಪುಣೆಗೆ ಬಂದ ಮೇಲೆ, ಮನೆಯ ಹೊರಗೆ ನನ್ನ ಮಾತಿನಲ್ಲೇ "ಏನಾಗೇತವಾ?" ಎಂದು ಕೇಳಿದ ಮೊದಲ ಮನುಷ್ಯ ಅವರು. ಆ ಒಂದು ಪ್ರಶ್ನೆಗೇ ನಾನು ಅವರನ್ನು ಪೂರ್ತಿ ನಂಬಿದೆ.

ಆಗ ನನ್ನ ಮಗಳಿಗೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ನಾನು ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವಳು. ಪ್ರತಿ ತುಂಡನ್ನೂ ಅಳೆದು ಬರೆಯುವುದೇ ಕೆಲಸ. ಹೆರಿಗೆ ರಜೆಯಲ್ಲೂ ಆ ಚಟ ಬಿಡಲಿಲ್ಲ. ಎಷ್ಟು ಸಲ ಹಾಲು, ಎಷ್ಟು ಸಲ ಒದ್ದೆ, ಎಷ್ಟು ಹೊತ್ತು ನಿದ್ದೆ, ಎಲ್ಲ ವಹಿಯಲ್ಲಿ ಗೆರೆ ಎಳೆದು ತುಂಬುತ್ತಿದ್ದೆ. ಬಾಣಂತನಕ್ಕೆಂದು ಧಾರವಾಡದ ಹತ್ತಿರದ ಹಳ್ಳಿಯಿಂದ ಬಂದಿದ್ದ ಅತ್ತೆ ಅದನ್ನು ನೋಡಿ, "ಕೂಸು ಹಡದೀಯೋ, ಹಾಜರಿ ಪುಸ್ತಕಾ ಹಡದೀಯೋ," ಎಂದು ನಗುತ್ತಿದ್ದರು.

ಆ ಬೆಳಿಗ್ಗೆ ಕಂಡದ್ದು ಇಷ್ಟು: ಮಗಳ ತೊಡೆಸಂದಿಯಲ್ಲಿ ಹಸಿ ಮಾಂಸದಂತೆ ಕೆಂಪು, ಅಂಚಿನಾಚೆ ಸಾಸಿವೆಯಷ್ಟು ಚುಕ್ಕೆಗಳು. ಕಾಕಾ ಕೇಳಿಕೊಂಡು ಒಂದು ಸಣ್ಣ ಟ್ಯೂಬು ಕೊಟ್ಟರು. "ತೆಳ್ಳಗ ಹಚ್ಚವಾ. ಬಟ್ಟಿ ಬದಲಿಸಿದಾಗ ಒಂದೀಟು. ಮೂರು ದಿನದಾಗ ಹೋಗತೈತಿ." ಅವರ ಮನಸ್ಸಿನಲ್ಲಿದ್ದದ್ದು ಹಳೆಯ ಸೀರೆ ಹರಿದು ಮಾಡಿದ ಲಂಗೋಟ, ಅರ್ಧ ದಿನ ಬರಿಮೈಯಲ್ಲಿ ಆಡುವ ಕೂಸು. ನನ್ನ ಮಗಳಿಗೆ ಹಗಲೂ ರಾತ್ರಿ ಡೈಪರ್. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೂರನೆಯ ದಿನ ಚರ್ಮ ತಿಳಿಯಾಯಿತು. "ಗುಣ" ಎಂದು ಬರೆದು ನಿಲ್ಲಿಸಿದೆ. ನಡುವೆ ಲಸಿಕೆಗೆ ಹೋದಾಗ ಮೈಮೇಲೆ ಏನೂ ಇರಲಿಲ್ಲ, ಹಾಗಾಗಿ ಡಾಕ್ಟರರ ಮುಂದೆ ಆ ಮಾತೇ ಬರಲಿಲ್ಲ. ನಿಲ್ಲಿಸಿದ ಹನ್ನೆರಡು ದಿನಕ್ಕೆ ಮತ್ತೆ ಕೆಂಪಾಯಿತು. ಮತ್ತೆ ಹಚ್ಚಿದೆ, ಹೋಯಿತು. ಈ ಸಲ ಒಂಬತ್ತು ದಿನಕ್ಕೆ ಬಂತು. ಅದರ ಮುಂದಿನ ಸಲ ಆರೇ ದಿನ. ಜುಲೈ ಹತ್ತರಂದು ಬಾಯಲ್ಲೂ ಶುರುವಾಯಿತು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಮೊಸರು ಚೆಲ್ಲಿದಂತೆ ಬಿಳಿ ಪದರ.

"ಹಾಲಿನ ಕೆನಿ ಕುಂತೈತಿ, ಒರಸಿ ತಗಿ," ಎಂದರು ಅತ್ತೆ. ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ಒರೆಸಿದರು. ಪದರ ಬರಲಿಲ್ಲ, ರಕ್ತ ಬಂತು. ಇಬ್ಬರೂ ಹೆದರಿ ಕೈ ತೆಗೆದೆವು. ಕಾಕಾ ಬಾಯಿಗೆ ಹನಿ ಕೊಟ್ಟರು. ಅದೂ ಹೋಗುತ್ತಿತ್ತು, ಬರುತ್ತಿತ್ತು. ಒಟ್ಟು ಐದು ಸಲ.

ಜುಲೈ ಹದಿನೆಂಟರಂದು ನಾನೊಂದು ತೀರ್ಮಾನ ಮಾಡಿದೆ. ಕಾರ್ಖಾನೆಯಲ್ಲಿ ಯಂತ್ರ ಕೆಡುವವರೆಗೆ ನಾವು ಕಾಯುವುದಿಲ್ಲ, ಕೆಡುವ ಮೊದಲೇ ಎಣ್ಣೆ ಹಾಕುತ್ತೇವೆ. ಹಾಗಾಗಿ ಕೆಂಪು ಇರಲಿ, ಇಲ್ಲದಿರಲಿ, ಡೈಪರ್ ಬದಲಿಸಿದಾಗಲೆಲ್ಲ ಹಚ್ಚುವುದು ಎಂದುಕೊಂಡೆ. ದಿನಕ್ಕೆ ಆರು ಸಲ. ಒಂದು ಸಲವೂ ತಪ್ಪಿಸಲಿಲ್ಲ. ಟ್ಯೂಬನ್ನು ಒಮ್ಮೆ ನಾನು ತಂದರೆ ಒಮ್ಮೆ ಗಂಡ ಕೆಲಸದಿಂದ ಬರುತ್ತ ತರುತ್ತಿದ್ದ, ಇನ್ನೊಮ್ಮೆ ಅತ್ತೆ. ಮಳೆ ಜೋರಾದ ಮೇಲೆ ನಾನು ಮಗುವನ್ನು ಹೊರಗೆ ತರುವುದನ್ನೇ ಬಿಟ್ಟೆ. ಒಂದೇ ಕೂಸಿಗೆ ಇಷ್ಟು ಟ್ಯೂಬು ಹೋಗುತ್ತಿವೆ ಎಂಬುದು ಕಾಕಾನಿಗೆ ಗೊತ್ತಾಗಲಿಲ್ಲ.

ಮಗಳು ಗುಂಡಗಾದಳು. ಆಗ ನಮಗೆಲ್ಲ ಅದೆಷ್ಟು ಸಂತೋಷವಾಗಿತ್ತು. ಕೆಳಮನೆಯ ಮರಾಠಿ ಚಿಕ್ಕಮ್ಮ ಅವಳ ಕೆನ್ನೆ ಹಿಂಡಿ, "ಕಿತೀ ಗೋಂಡಸ್," ಎಷ್ಟು ಮುದ್ದು, ಎಂದು ಮುದ್ದಾಡುತ್ತಿದ್ದರು. ಅತ್ತೆ ಕಾಡಿಗೆಯ ಬೊಟ್ಟನ್ನು ದಿನದಿನಕ್ಕೆ ದೊಡ್ಡದು ಮಾಡಿದರು. ಊರಿಗೆ ಫೋಟೋ ಕಳಿಸಿದರೆ, "ನಿನ್ನ ಹಾಲು ಭಾಳ ಛಲೋ ಹತ್ತೈತಿ ಕೂಸಿಗೆ," ಎಂದು ನನ್ನ ಅವ್ವ ಹಿಗ್ಗಿದಳು. ವಹಿಯಲ್ಲಿ ತೂಕದ ಸಾಲು ಹೀಗಿದೆ: ಜೂನ್ ಐದೂವರೆ ಕಿಲೋ, ಜುಲೈ ಆರೂವರೆ, ಆಗಸ್ಟ್ ಏಳೂ ಮುಕ್ಕಾಲು, ಸೆಪ್ಟೆಂಬರ್ ಒಂಬತ್ತಕ್ಕೆ ಸ್ವಲ್ಪ ಕಡಿಮೆ. ಅದರ ಪಕ್ಕದಲ್ಲೇ ಉದ್ದದ ಸಾಲೂ ಇದೆ: ಐವತ್ತೊಂಬತ್ತು ಸೆಂಟಿಮೀಟರು, ಅರವತ್ತೂವರೆ, ಅರವತ್ತೊಂದು. ಸೆಪ್ಟೆಂಬರಿನ ಎದುರು "ಅಷ್ಟೇ" ಎಂದಿದೆ. ಅಕ್ಷರ ನನ್ನದೇ. ಅಳೆದವಳು ನಾನು, ಬರೆದವಳು ನಾನು, ನೋಡಲಿಲ್ಲ.

ಸೆಪ್ಟೆಂಬರ್ ಹದಿನಾಲ್ಕು, ಹತ್ತೂ ನಲವತ್ತು. ಬಿಸಿಲು ಬಿದ್ದಿತ್ತೆಂದು ಮಗಳನ್ನು ಎತ್ತಿಕೊಂಡು ಅಂಗಡಿಗೆ ಹೋದೆ. ಕಾಕಾ ಯಾರಿಗೋ ಗುಳಿಗೆ ಕತ್ತರಿಸುತ್ತಿದ್ದರು.

"ಅದೇ ಟ್ಯೂಬ್ ಕೊಡ್ರಿ ಕಾಕಾ. ಹನ್ನೆರಡನೇದು."

ಅವರು ತಲೆ ಎತ್ತಿ ಮಗಳನ್ನು ನೋಡಿದರು. ಕತ್ತರಿ ಪಟ್ಟಿಯ ಮಧ್ಯೆ ನಿಂತಿತು.

"ಕೂಸು ಯಾವಾಗಿಂದ ಹಿಂಗ ಆಗೈತಿ?"

"ಎರಡು ತಿಂಗಳಿಂದ ಛಲೋ ಮೈ ಹಿಡದಾಳ್ರಿ," ಎಂದೆ, ಹೆಮ್ಮೆಯಿಂದಲೇ.

"ಹನ್ನೆರಡನೇದು ಅಂದ್ರ?"

ವಹಿ ಚೀಲದಲ್ಲೇ ಇತ್ತು. ತೆಗೆದು ಗಾಜಿನ ಮೇಜಿನ ಮೇಲಿಟ್ಟೆ. ಒಟ್ಟು ಎಷ್ಟು ಸಲ ಹಚ್ಚಿದ್ದೇನೆ ಎಂದು ಪುಟದ ಕೆಳಗೆ ಕೂಡಿಸಿ ಬರೆದಿದ್ದೆ: ನಾನೂರ ಎಂಟು. ಕಾಕಾ ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು, ಪುಟ ಹಿಂದಕ್ಕೆ ತಿರುವಿದರು, ಮತ್ತೆ ಮುಂದಕ್ಕೆ ಬಂದರು. ಮಗಳ ಹಣೆಯ ಮೇಲೆ ಹೊಸದಾಗಿ ಬೆಳೆದಿದ್ದ ನವಿರು ಕೂದಲನ್ನು ಹಿಂದಕ್ಕೆ ಸರಿಸಿ ನೋಡಿದರು. ಅವರು ಒಬ್ಬ ಹೆಂಗಸಿನ ಮುಖವನ್ನು ನೇರವಾಗಿ ನೋಡಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಹನ್ನೊಂದೂ ಕೊಟ್ಟವ ನಾನೇನವಾ?"

"ಹೌದ್ರಿ. ನೀವ."

ಅವರು ಗುಳಿಗೆಗಾಗಿ ನಿಂತಿದ್ದವನಿಗೆ, "ನಾಳೆ ಬಾ," ಎಂದರು. ಆತ, "ಅರ್ಧಾ ಕತ್ತರಿಸೀರಲ್ಲ ಕಾಕಾ," ಎಂದ. ಪೂರ್ತಿ ಪಟ್ಟಿಯನ್ನೇ ಅವನ ಕೈಗಿಟ್ಟು ಹೊರಬಂದು ಷಟರ್ ಎಳೆದರು. ಭಾನುವಾರವೂ ಬಾಗಿಲು ಹಾಕದ ಅಂಗಡಿ ಅದು.

"ಏನಾತ್ರಿ?" ಎಂದೆ.

"ಇದು ಮೈ ಹಿಡದದ್ದಲ್ಲವಾ. ನನ್ನ ಔಷಧಿ ಹಿಡದದ್ದು. ನಡಿ, ದವಾಖಾನಿಗೆ ಹೋಗೂಣು. ಮನಿಗೆ ಹೋಗಿ ಸಿಟ್ಟಿಲೆ ಟ್ಯೂಬ್ ಒಗದಬಿಟ್ಟೀ ಮತ್ತ. ಒಮ್ಮಿಗೇ ಬಿಟ್ರೂ ಕೂಸಿಗೆ ಧಕ್ಕಿ ಐತಿ. ಡಾಕ್ಟರ್ ಹೇಳಲಿ."

ಆಟೋ ಹಿಡಿದೆವು. ಗುರುತಿಗೆಂದು ನಾನು ತಂದಿದ್ದ ಖಾಲಿ ಟ್ಯೂಬಿನ ಡಬ್ಬಿ ಅವರ ಮುಷ್ಟಿಯಲ್ಲಿತ್ತು. ಮಕ್ಕಳ ಡಾಕ್ಟರು ಕಾಕಾನಿಗೆ ಮಗಳಾಗುವ ವಯಸ್ಸಿನ ಹೆಣ್ಣುಮಗಳು. ಮಗುವನ್ನು ನೋಡಿದ ಕೂಡಲೇ, ಇದನ್ನು ಕೊಟ್ಟವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ಮೀ ದಿಲಂ," ಎಂದರು. ನಾನು ಕೊಟ್ಟೆ ಎಂದರ್ಥ. ಡಾಕ್ಟರು ಅವರನ್ನು ನಿಲ್ಲಿಸಿಕೊಂಡು ಬೈದರು. ಚೀಟಿ ಇಲ್ಲದೆ, ಹಸುಗೂಸಿಗೆ, ಇಷ್ಟು ಕಟುವಾದ ಸ್ಟೀರಾಯ್ಡ್. ನಿಮ್ಮ ಲೈಸೆನ್ಸ್ ಕಿತ್ತುಕೊಳ್ಳಬೇಕು. ಹೊರಗೆ ಕುಳಿತಿದ್ದ ತಾಯಂದಿರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಕಾಕಾ ಕೈಕಟ್ಟಿ ನಿಂತು ಪೂರ್ತಿ ಕೇಳಿ, "ಅದನ್ನೂ ಮಾಡಿ. ಮೊದಲು ಮಗುವಿನ ಬಿ.ಪಿ. ನೋಡಿ," ಎಂದು ಮರಾಠಿಯಲ್ಲೇ ಹೇಳಿದರು. ಬಿ.ಪಿ. ನೋಡಿದರು. ಆರು ತಿಂಗಳ ಕೂಸಿಗೆ ಇರಬಾರದಷ್ಟು ಏರಿತ್ತು.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಆ ಟ್ಯೂಬಿನಲ್ಲಿ ಎರಡು ಮೂರು ಔಷಧಿ ಕೂಡಿಸಿದ್ದರು. ಅದರಲ್ಲಿರುವ ಸ್ಟೀರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಆದರೆ ಅಡಿಯಲ್ಲಿರುವ ಬೂಷ್ಟಿನಂಥ ಸೋಂಕು ಅದರ ಆಸರೆಯಲ್ಲಿ ಬೆಳೆಯುತ್ತಲೇ ಇರುತ್ತದೆ. ಮೇಲೆ ಡೈಪರ್ ಬಿಗಿದರೆ ಔಷಧಿ ಎಳೆಯ ಚರ್ಮದೊಳಗಿಂದ ರಕ್ತಕ್ಕೆ ಇಳಿಯುತ್ತದೆ. ಆಗ ಮುಖ ಊದುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಮೈಗೆ ಸೋಂಕನ್ನು ತಡೆಯುವ ಶಕ್ತಿ ಇರುವುದಿಲ್ಲ. ಬಾಯಿಯ ಬಿಳಿ ಪದರ ಮತ್ತೆ ಮತ್ತೆ ಬಂದದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ ನಾನು. ಹಾಲು ಕುಡಿಸುವಾಗ ಎದೆಯ ತೊಟ್ಟು ಉರಿಯುತ್ತದೆಯೇ ಎಂದು ಕೇಳಿದರು. ಎರಡು ತಿಂಗಳಿಂದ ಉರಿಯುತ್ತಿತ್ತು. ಮಗುವಿನ ಮೈಯದು ಎಲ್ಲ ಬರೆದಿದ್ದೆ, ನನ್ನದು ಏನೂ ಬರೆದಿರಲಿಲ್ಲ. ಸೋಂಕು ಅವಳ ಬಾಯಿಂದ ನನಗೆ, ನನ್ನಿಂದ ಅವಳಿಗೆ ಓಡಾಡುತ್ತಿತ್ತು. ಇಬ್ಬರಿಗೂ ಒಟ್ಟಿಗೇ ಔಷಧಿ ಆಗಬೇಕಿತ್ತು.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಸ್ಟೀರಾಯ್ಡ್ ಒಮ್ಮೆಲೇ ನಿಂತರೆ ಮೈ ತಾಳದು ಎಂದು, ಅದೇ ಜಾತಿಯ ಔಷಧಿಯನ್ನು ಅಳತೆಯಲ್ಲಿ ಗುಳಿಗೆಯಾಗಿ ಕೊಟ್ಟು ಮೆಲ್ಲಗೆ ಇಳಿಸುವುದೆಂದಾಯಿತು. ನನ್ನ ಗಂಡ ಮೊದಲ ದಿನ ಕಾಕಾನ ಕಾಲರಿಗೆ ಕೈ ಹಾಕಿದ. ಕಾಕಾ ಬಿಡಿಸಿಕೊಳ್ಳಲಿಲ್ಲ. "ಬೈರಿ, ಬಡೀರಿ. ಗುಳಿಗಿ ಹೊತ್ತು ಮಾತ್ರ ತಪ್ಪಿಸಬ್ಯಾಡ್ರಿ," ಎಂದರು. ಪ್ರತಿದಿನ ನಾಲ್ಕು ಗಂಟೆಗೆ ಬಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು, ಮಗುವಿನ ತೂಕ ಮತ್ತು ಬಿ.ಪಿ. ಕೇಳಿಕೊಂಡು ಹೋಗುತ್ತಿದ್ದರು. ಐದನೆಯ ದಿನ ಅತ್ತೆ ಬಾಗಿಲ ಸಂದಿಯಿಂದ ನೋಡಿ, "ಆ ಮನಶ್ಯಾನ ಮಾರೀನೂ ನೋಡಬಾರದು ಅನಸತೈತಿ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಚಾ ಕುಡದಾನೋ ಇಲ್ಲೋ ಕೇಳ," ಎಂದರು.

ಅಕ್ಟೋಬರ್ ಐದರ ಸಂಜೆ ಅವರು ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತರು. ಗಂಡ ಎದ್ದು ಒಳಗೆ ಹೋದ. ಕಾಕಾ ಜೇಬಿನಿಂದ ಗುಳಿಗೆ ಪೊಟ್ಟಣದ ಕಾಗದಗಳನ್ನು ತೆಗೆದರು. ಎಲ್ಲದರ ಮೇಲೂ ಪೆನ್ಸಿಲಿನಲ್ಲಿ ಏನೇನೋ ಗೀಚಿತ್ತು.

"ನಿನ್ನ ಕೂಸೊಂದಕ್ಕ ಕೊಟ್ಟಿಲ್ಲವಾ. ಸಣ್ಣ ಕೂಸುಗಳಿಗೆ ಅಂತ ಕೇಳಿದವರಿಗೆಲ್ಲ ಅದನ್ನ ಕೊಟ್ಟೀನಿ. ಜಲ್ದಿ ಗುಣಾ ಕಾಣತಿತ್ತು, ಮಂದಿ ಖುಷಿ ಆಗತಿದ್ರು. ಯಾರ್‍ಯಾರಿಗೆ ಅಂತ ಕೂತು ನೆನಪ ಮಾಡೀನಿ. ಹೆಸರು ಗೊತ್ತಿಲ್ಲ ನನಗ, ಬ್ಯಾನಿ ಗೊತ್ತೈತಿ. ನಿನಗ ಸಾಲು ಹಚ್ಚಿ ಬರಿಯಾಕ ಬರತೈತಿ. ಬರದು ಕೊಡ್ತೀ?"

ನನಗೆ ಅವರ ಮೇಲೆ ಸಿಟ್ಟಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ವಹಿಯಲ್ಲಿ ಹೊಸ ಪುಟ ತೆಗೆದು ಗೆರೆ ಎಳೆದೆ. ಅವರು ಹೇಳುತ್ತ ಹೋದರು: ಸೊಂಟನೋವಿನ ಮುದುಕಿಯ ಮೊಮ್ಮಗ, ಮೂರನೇ ಗಲ್ಲಿ. ಸಕ್ಕರೆ ಕಾಯಿಲೆಯ ವಾಚ್‌ಮನ್ನನ ಅವಳಿ ಹೆಣ್ಣುಮಕ್ಕಳು. ಒಟ್ಟು ಇಪ್ಪತ್ತಮೂರು ಮನೆ.

ಮುಂದಿನ ಭಾನುವಾರದಿಂದ ಹುಡುಕಲು ಹೊರಟೆವು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ಹೋಗುತ್ತಿದ್ದೆ. ಪ್ರತಿ ಬಾಗಿಲಲ್ಲೂ ಕಾಕಾ ಆಡುತ್ತಿದ್ದದ್ದು ಒಂದೇ ಮಾತು: "ನಾ ತಪ್ಪು ಔಷಧಿ ಕೊಟ್ಟೀನಿ. ಕೂಸು ಹೆಂಗೈತಿ?" ಬಹಳ ಮನೆಯವರು ಈ ಮಾತಿನ ಅರ್ಥವೇ ಆಗದೆ ಒಳಗೆ ಕರೆದು ನೀರು ಕೊಟ್ಟರು. ಒಬ್ಬ ತಂದೆ ನಗುತ್ತ, "ಆ ಟ್ಯೂಬ್ ನಾ ನನ್ನ ಗಜಕರ್ಣಕ್ಕ ಹಚ್ಚಿ ಮುಗಿಸೀನ್ರಿ ಕಾಕಾ," ಎಂದ. ಅದಕ್ಕೂ ಅದು ತಪ್ಪೇ ಎಂದು ಕಾಕಾ ಅವನನ್ನು ಡಾಕ್ಟರ ಕಡೆ ಅಟ್ಟಿದರು. ಮೂರನೇ ಗಲ್ಲಿಯ ತಾಯಿ ಟ್ಯೂಬನ್ನು ಒಂದೆರಡು ಸಲ ಹಚ್ಚಿ ಎಲ್ಲಿಟ್ಟೆನೆಂದೇ ಮರೆತಿದ್ದಳು. ಅವಳ ಮಗ ತೆಳ್ಳಗೆ, ಚುರುಕಾಗಿ, ನಮ್ಮ ಮುಂದೆಯೇ ಅಂಬೆಗಾಲಿಟ್ಟು ಹೊಸ್ತಿಲು ದಾಟಿದ. ನಾನು ಆ ಮನೆಯಿಂದ ಹೊರಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮರೆಯುವ ತಾಯಿಯ ಕೂಸು ಬೆಳೆದಿತ್ತು. ಒಂದು ಸಲವೂ ಮರೆಯದ ನನ್ನ ಕೂಸು ಅರವತ್ತೊಂದಕ್ಕೆ ನಿಂತಿತ್ತು.

ಕಾಕಾ ಪಕ್ಕದಲ್ಲಿ ಕೂತರು. "ನಿನ್ನ ವಹಿ ಇರಲಿಲ್ಲಾಂದ್ರ ನಾ ಅವತ್ತ ಹನ್ನೆರಡನೇದೂ ಕೊಡತಿದ್ದೆ," ಎಂದರು. ಸಮಾಧಾನಕ್ಕೆಂದು ಆಡಿದ ಮಾತಲ್ಲ ಅದು.

ನವೆಂಬರಿನಲ್ಲಿ, ಏಳುತ್ತಿರುವ ಕಟ್ಟಡವೊಂದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಇನ್ನೊಂದು ಗುಂಡು ಮುಖ ಸಿಕ್ಕಿತು. ಯಾದಗಿರಿ ಕಡೆಯವರ ಎಂಟು ತಿಂಗಳ ಗಂಡು ಕೂಸು. ತಾಯಿ ಅದನ್ನು ಎತ್ತಿ ತೋರಿಸಿ, "ನಮ್ಮಂವ ಸಾವಕಾರ್ ಆಗ್ತಾನಂತ್ರಿ, ಎಲ್ಲಾರೂ ಅಂತಾರ," ಎಂದಳು. ಎರಡು ತಿಂಗಳ ಹಿಂದೆ ನಾನು ಹೇಗೆ ನಿಂತಿದ್ದೆನೋ ಹಾಗೇ ನಿಂತಿದ್ದಳು. ಅವಳಿಗೆ ಹೇಳುವ ಕೆಲಸವನ್ನು ಕಾಕಾ ನನಗೆ ಬಿಡಲಿಲ್ಲ. ತಾವೇ ಹೇಳಿ, ತಾವೇ ಆ ದಿನವೇ ಆಸ್ಪತ್ರೆಗೆ ಕರೆದೊಯ್ದು, ಅದೇ ಡಾಕ್ಟರರ ಮುಂದೆ ಮತ್ತೆ ಕೈಕಟ್ಟಿ ನಿಂತರು. ಈ ಸಲ ಡಾಕ್ಟರು ಬೈಯಲಿಲ್ಲ, ಕುರ್ಚಿ ತೋರಿಸಿದರು. ಕಾಕಾ ಕೂರಲಿಲ್ಲ.

ಅಂಗಡಿಯಲ್ಲಿ ಆಗಲೇ ಹೊಸ ಪದ್ಧತಿ ಬಂದಿತ್ತು. ಚೀಟಿ ಇಲ್ಲದೆ ಅಂಥ ಯಾವ ಟ್ಯೂಬೂ ಇಲ್ಲ. "ಕಾಕಾ, ನೀವೂ ಡಾಕ್ಟರ್ ಮಂದಿ ಕೂಡ ಸೇರಿದ್ರೇನು?" ಎಂದು ನಮ್ಮವರೇ ಚುಚ್ಚುತ್ತಿದ್ದರು. ಮೂಲೆಗೆ ಬರುವ ಹೆಂಗಸರ ಮಾತನ್ನು ಮಾತ್ರ ಅವರು ಮೊದಲಿನಂತೆಯೇ ಕ್ಯಾಲೆಂಡರು ನೋಡುತ್ತ ಕೇಳುತ್ತಿದ್ದರು. ಕೇಳಿ, ಟ್ಯೂಬಿನ ಬದಲು ಒಂದು ಕಾಗದದಲ್ಲಿ ಅದನ್ನೇ ಮರಾಠಿಯಲ್ಲಿ ಬರೆದು ಮಡಚಿ ಕೈಗಿಡುತ್ತಿದ್ದರು. ಡಾಕ್ಟರರಿಗೆ ಬಾಯಿಬಿಟ್ಟು ಹೇಳಬೇಕಿಲ್ಲ, ತೋರಿಸಿದರೆ ಸಾಕು.

ಡಿಸೆಂಬರ್ ಮುಗಿಯುವಷ್ಟರಲ್ಲಿ ಹದಿನೇಳು ಮನೆ ಸಿಕ್ಕಿದ್ದವು. ಜನವರಿ ಹದಿನಾರರಂದು ಊಟ ಮಾಡಿ ಅಂಗಡಿಯ ಸ್ಟೂಲಿನ ಮೇಲೆ ಕೂತ ಕಾಕಾ ಹಾಗೇ ಗೋಡೆಗೆ ಒರಗಿದರು. ಹೃದಯ ನಿಂತಿತ್ತು. ನನಗೆ ಸುದ್ದಿ ಹೇಳಿದವನು ನನ್ನ ಗಂಡ. ಅಂತ್ಯಕ್ರಿಯೆಗೆ ಅವನೇ ಮುಂದಾಗಿ ಹೆಗಲು ಕೊಟ್ಟ.

ನನ್ನ ಮಗಳ ಗುಳಿಗೆಯನ್ನು ಇಳಿಸುತ್ತ ಇಳಿಸುತ್ತ ಫೆಬ್ರವರಿಯಲ್ಲಿ ನಿಲ್ಲಿಸಿದರು. ಹಗಲು ಲಂಗೋಟ, ಬಿಸಿಲು ಬಂದಾಗ ಬರಿಮೈ. ಆರು ತಿಂಗಳಿಂದ ತೊಡೆಯಲ್ಲಿ ಕೆಂಪಿಲ್ಲ, ಬಾಯಲ್ಲಿ ಬಿಳುಪಿಲ್ಲ. ಕೆನ್ನೆ ಇಳಿದಿದೆ. ಕಳೆದ ತಿಂಗಳು ಉದ್ದ ಎಪ್ಪತ್ತು ದಾಟಿತು. ಆ ಅಂಕಿಯನ್ನು ಹೇಳಲು ನನಗೆ ಮೊದಲು ನೆನಪಾದದ್ದು ಆ ಅಂಗಡಿ. ಅಲ್ಲೀಗ ಮೊಬೈಲು ರಿಪೇರಿ ಮಾಡುತ್ತಾರೆ.

ಅವರು ಹೋದ ಮೇಲೆ ನಾನೊಬ್ಬಳೇ ಇನ್ನೆರಡು ಮನೆ ಹುಡುಕಿದೆ. ಆ ಮಕ್ಕಳು ಆರೋಗ್ಯವಾಗಿವೆ. ನಾಲ್ಕು ಉಳಿದಿವೆ. ಕಟ್ಟಡ ಮುಗಿದ ಮೇಲೆ ಎದ್ದು ಹೋದವರು. ಕಾತ್ರಜದ ಕಡೆ ಹೋದರೆಂದು ಒಬ್ಬರು, ಸಾಸವಡದ ಕಡೆ ಎಂದು ಇನ್ನೊಬ್ಬರು ಹೇಳುತ್ತಾರೆ. ಕಾಕಾ ಬರೆಸಿದ್ದನ್ನು ಹಾಗೇ ಇಲ್ಲಿ ಇಳಿಸುತ್ತೇನೆ. ಒಂದು: ಸೆಂಟ್ರಿಂಗ್ ಕೆಲಸದವನ ಹೆಂಡತಿ, ರಾಯಚೂರು ಕಡೆ, ಕಾಲಿಗೆ ಮೊಳೆ ಚುಚ್ಚಿತ್ತು, ಹೆಣ್ಣು ಕೂಸು. ಎರಡು: ಪಿತ್ತದ ತಲೆನೋವಿನ ಅಜ್ಜಿ, ಮೊಮ್ಮಗನಿಗೆಂದು ಒಯ್ದಳು. ಮೂರು: ಕಣ್ಣು ಬಂದಿದ್ದ ತರುಣ ತಂದೆ, ಚೊಚ್ಚಲ ಕೂಸು. ನಾಲ್ಕು: ತಾಯಿಗೆ ಒಣಕೆಮ್ಮು, ಕೂಸಿಗೆ ನಾಲ್ಕು ಟ್ಯೂಬು, ಕೂಸಿನ ಕೆನ್ನೆ ನೋಡಿ ನಾನೇ ಹೊಗಳಿದ್ದೆ.

ಇವರಲ್ಲಿ ಯಾರಾದರೂ ನಿಮಗೆ ಗೊತ್ತಿದ್ದರೆ, ಅಥವಾ ಆ ತಾಯಿ ನೀವೇ ಆಗಿದ್ದರೆ, ಇದನ್ನು ಪ್ರಕಟಿಸಿದವರಿಗೆ ದಯವಿಟ್ಟು ಬರೆಯಿರಿ. ನನಗೆ ತಲುಪುತ್ತದೆ. ಅದಕ್ಕೂ ಮೊದಲು ಮಗುವನ್ನು ಡಾಕ್ಟರರಿಗೆ ತೋರಿಸಿ.